ಮೈಮೇಲೆ ಬರುವ ಹುಂಜವನ್ನು ಶಾಂತಗೊಳಿಸುವ ಬಗೆ

ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ಲಿನಂಥ ಊರುಗಳಲ್ಲಿ ಹಿತ್ತಲ ಬೇವಿನ ನೆರಳಿನಲ್ಲಿ ನಾಲ್ಕಾರು ಜವಾರಿ ಕೋಳಿಗಳನ್ನು ಸಾಕಿಕೊಂಡಿರುವ ಮನೆಯವರಿಗೆ, ಮರಿಯಾಗಿದ್ದಾಗ ಅಂಗೈಯಲ್ಲಿಟ್ಟ ನುಚ್ಚನ್ನು ತಿಂದು ಬೆಳೆದ ಹುಂಜವು 5–6 ತಿಂಗಳು ತುಂಬುತ್ತಲೇ ಹಾರಿಬಂದು ಕಾಲಿನ ಮುಳ್ಳಿನಿಂದ ಒದೆಯತೊಡಗುವುದು ಅಪರಿಚಿತ ಸಂಗತಿಯಲ್ಲ. ಅದಕ್ಕೆ ಸಾಮಾನ್ಯವಾಗಿ ದೊರೆಯುವ ಉಪಚಾರವೆಂದರೆ ಕೋಲಿನ ಪೆಟ್ಟು, ಇಲ್ಲವೇ ಸಂತೆಯ ದಾರಿ. ಕೋಪದ ಕಾರಣವನ್ನರಿತು ಕೈಯನ್ನು ನಿಧಾನವಾಗಿ ನಡೆಸಬಲ್ಲವರಿಗೆ ಇವೆರಡರ ಅವಶ್ಯಕತೆಯೂ ಬಹುಮಟ್ಟಿಗೆ ಬೀಳದು.

ಮೊದಲು ನೋಡತಕ್ಕದ್ದು ಕೋಪವು ಯಾವ ಬಗೆಯದೆಂಬುದನ್ನು. ಕಾವಿಗೆ ಕೂತ ಹ್ಯಾಟೆಯು 21 ದಿನ ಮೊಟ್ಟೆಗಳನ್ನೂ ತರುವಾಯ ಮರಿಗಳನ್ನೂ ಕಾಯುವ ಭರದಲ್ಲಿ ಕುಕ್ಕುವುದು ಮಾತೃಸಹಜವಾದುದು. ಕಾಳು ನೀರನ್ನು ಸಮೀಪದಲ್ಲಿಟ್ಟು ಅದನ್ನು ಅದರ ಪಾಡಿಗೆ ಬಿಡುವುದೇ ಲೇಸು. ಪ್ರಾಯದ ಹುಂಜವಾದರೋ ತನ್ನ ಹ್ಯಾಟೆಗಳ ನಡುವೆ ಓಡಾಡುವ ಮನುಷ್ಯನನ್ನು ಎದುರಾಳಿಯೆಂದೇ ಬಗೆಯುತ್ತದೆ.

ಅದು ಕತ್ತಿನ ಗರಿಗಳನ್ನು ಕೆದರಿ, ಒಂದು ರೆಕ್ಕೆಯನ್ನು ಇಳಿಬಿಟ್ಟು ಅಡ್ಡಡ್ಡವಾಗಿ ಸಮೀಪಿಸಿದಾಗ ಓಡಬಾರದು, ಓಡಿದರೆ ಗೆಲುವು ತನ್ನದೆಂದು ತಿಳಿಯುತ್ತದೆ; ಒದೆಯಲೂ ಬಾರದು, ಒದ್ದರೆ ಕಾಳಗಕ್ಕೆ ಒಪ್ಪಿದಂತಾಗುತ್ತದೆ. ಬುಟ್ಟಿಯನ್ನೋ ಮೊರವನ್ನೋ ಮೊಳಕಾಲಿಗೆ ಅಡ್ಡಹಿಡಿದು, ಹುಂಜವು ತಾನಾಗಿಯೇ ಮುಖ ತಿರುಗಿಸಿ ನೆಲ ಕೆದಕುವವರೆಗೆ ಅಲುಗದೆ ನಿಂತುಕೊಂಡು, ಅನಂತರವೇ ಮೆಲ್ಲಗೆ ಸರಿಯತಕ್ಕದ್ದು. ಚಿಕ್ಕ ಮಕ್ಕಳನ್ನು ಮಾತ್ರ ಇಂತಹ ಹುಂಜದ ಬಳಿಗೆ ಒಂಟಿಯಾಗಿ ಬಿಡಲೇಬಾರದು. ಅದು ಹಾರುವ ಎತ್ತರಕ್ಕೆ ಅವರ ಕಣ್ಣುಗಳಿರುತ್ತವೆ.

ಎತ್ತಿಕೊಳ್ಳುವ ಅಭ್ಯಾಸಕ್ಕೆ ಮುಸ್ಸಂಜೆಯೇ ಪ್ರಶಸ್ತವಾದ ಕಾಲ. ಕತ್ತಲಲ್ಲಿ ಕೋಳಿಯ ಕಣ್ಣು ಮಂದವಾಗುವುದರಿಂದ, ಗೂಡು ಸೇರಿದ ಹುಂಜವು ಹಗಲಿನಂತೆ ಪ್ರತಿಭಟಿಸುವುದಿಲ್ಲ. ತೋಳುದ್ದ ಅಂಗಿಯನ್ನು ತೊಟ್ಟು, ಮೆಲುದನಿಯಲ್ಲಿ ಮಾತನಾಡುತ್ತ ಸಮೀಪಿಸಿ, ಎರಡೂ ರೆಕ್ಕೆಗಳನ್ನು ಮೈಗೆ ಒತ್ತಿಹಿಡಿದು, ಒಂದು ಕೈಯನ್ನು ಎದೆಯ ಕೆಳಗೆ ಜಾರಿಸಿ ಕಾಲುಗಳನ್ನು ಬೆರಳುಗಳ ನಡುವೆ ಸೇರಿಸಿಕೊಂಡು ಕಂಕುಳಲ್ಲಿ ಇರಿಸಿಕೊಳ್ಳಬೇಕು. ಒದ್ದಾಡಿದರೆ ತೆಳುವಾದ ಬಟ್ಟೆಯನ್ನು ಉಸಿರು ಕಟ್ಟದಂತೆ ಕಣ್ಣಿನ ಮೇಲೆ ಹೊದಿಸಬಹುದು. ಒದ್ದಾಟವು ನಿಂತು ಮೈ ಸಡಿಲಾದ ಮೇಲೆಯೇ ಕೆಳಗಿಳಿಸಬೇಕಲ್ಲದೆ, ಕೊಸರಾಡುತ್ತಿರುವಾಗ ಬಿಟ್ಟರೆ ಕೊಸರಾಟವೇ ಬಿಡುಗಡೆಯ ಉಪಾಯವೆಂದು ಅದು ಕಲಿಯುತ್ತದೆ. ದಿನವೂ ಹತ್ತು ನಿಮಿಷದಂತೆ ಕೆಲವು ವಾರ ಇದನ್ನು ತಪ್ಪದೆ ನಡೆಸಬೇಕು.

ಸಂತೆಗಳಲ್ಲಿ ಕಾಣುವಂತೆ ಕಾಲುಗಳನ್ನು ಹಿಡಿದು ತಲೆಕೆಳಗಾಗಿ ತೂಗಾಡಿಸುವುದನ್ನು ನಾವು ಇನ್ನಾದರೂ ಬಿಡಬೇಕು. ಪಕ್ಷಿಗಳಿಗೆ ನಮ್ಮಂತೆ ವಪೆಯಿಲ್ಲ. ತಲೆಕೆಳಗಾದಾಗ ಒಳಗಿನ ಅಂಗಗಳ ಭಾರವು ವಾಯುಚೀಲಗಳ ಮೇಲೆ ಬಿದ್ದು ಉಸಿರಾಟವು ಕಷ್ಟವಾಗುತ್ತದೆ. ಹಾಗೆ ಹಿಡಿದ ಕೋಳಿ ಸುಮ್ಮನಾದರೆ ಅದು ಶಾಂತಿಯಲ್ಲ, ಭೀತಿ.

ಕೋಳಿಗಳು ತಮ್ಮತಮ್ಮಲ್ಲಿ ಕುಕ್ಕಾಡುವುದು ಬೇರೆಯ ವಿಷಯ. ಹಿಂಡಿನಲ್ಲಿ ಯಾರು ಯಾರನ್ನು ಕುಕ್ಕಬಹುದೆಂಬ ಕ್ರಮವೊಂದಿರುವುದನ್ನು ನಾರ್ವೆಯ ವಿಜ್ಞಾನಿ ಷೆಲ್ಡೆರುಪ್-ಎಬ್ಬೆ 1920ರ ದಶಕದ ಆರಂಭದಲ್ಲಿಯೇ ವಿವರಿಸಿದ್ದಾನೆ. ಹೊಸ ಕೋಳಿ ಬಂದೊಡನೆ ಆ ಕ್ರಮವು ಕದಡುತ್ತದೆ. ಆದುದರಿಂದ ಗಿರಿರಾಜ ಕೋಳಿಗಳನ್ನು ಜವಾರಿ ಹಿಂಡಿಗೆ ಸೇರಿಸುವವರು, ರೋಗಭಯದ ನಿವಾರಣೆಗಾಗಿ ಎರಡು ಮೂರು ವಾರ ದೂರವಿಟ್ಟು, ಬಳಿಕ ಕೆಲವು ದಿನ ಜಾಳಿಗೆಯ ಆಚೆ ಈಚೆ ಪರಸ್ಪರ ಕಾಣುವಂತಿರಿಸಿ, ಕೊನೆಗೆ ರಾತ್ರಿಯ ಹೊತ್ತು ಗೂಡಿನೊಳಗೆ ಬಿಡಬೇಕು. ಹುಂಜವೊಂದಕ್ಕೆ ಎಂಟು ಹತ್ತು ಹ್ಯಾಟೆಗಳಿದ್ದರೆ ಕಲಹ ಕಡಮೆ. ರಾಯಚೂರು ಸೀಮೆಯ ಬೇಸಿಗೆಯಲ್ಲಿ ತಾಪವು 40 ಡಿಗ್ರಿಯನ್ನು ದಾಟುವಾಗ, ಒಂದೇ ನೀರಿನ ಪರಟೆಯ ಸುತ್ತ ಹಿಂಡು ಮುತ್ತಿದರೆ ಜಗಳ ನಿಶ್ಚಿತ. ನೆರಳಿನಲ್ಲಿ ಎರಡು ಮೂರು ಕಡೆ ನೀರಿಡಿ. ಬರಿಯ ಜೋಳದಿಂದ ಹೊಟ್ಟೆ ತುಂಬಬಹುದು, ಪೋಷಣೆ ಸಾಲದು. ಬೂಷ್ಟು ಹಿಡಿಯದ ಶೇಂಗಾ ಹಿಂಡಿಯನ್ನು ಸ್ವಲ್ಪ ಬೆರೆಸಿ. ರಕ್ತ ಕಂಡ ಕೋಳಿಯನ್ನು ಆ ಕ್ಷಣವೇ ಬೇರ್ಪಡಿಸಿ, ಇಲ್ಲವಾದರೆ ಉಳಿದವು ಗಾಯವನ್ನೇ ಕುಕ್ಕುತ್ತವೆ.

ಮನುಷ್ಯರಿಗಾದ ಗಾಯವನ್ನು ಸಾಬೂನು ನೀರಿನಲ್ಲಿ ಚೆನ್ನಾಗಿ ತೊಳೆದು, ಧನುರ್ವಾಯುವಿನ ಚುಚ್ಚುಮದ್ದಿನ ವಿಷಯವನ್ನು ಆಸ್ಪತ್ರೆಯಲ್ಲಿ ವಿಚಾರಿಸತಕ್ಕದ್ದು. ಹುಂಜದ ಮುಳ್ಳನ್ನು ಬುಡದಿಂದ ಕತ್ತರಿಸಬಾರದು, ಒಳಗೆ ಜೀವವಿರುವ ಎಲುಬುಂಟು. ತುದಿಯನ್ನು ಅರದಿಂದ ಉಜ್ಜಿ ಮೊಂಡಾಗಿಸಿದರೆ ಸಾಕು.

ಇಷ್ಟಾದರೂ ತಿಂಗಳುಗಟ್ಟಲೆ ಬದಲಾಗದ ಹುಂಜಗಳುಂಟು, ಕಾಳಗಕ್ಕೆಂದೇ ಬೆಳೆಸಿದ ಅಸೀಲ್ ತಳಿಯ ರಕ್ತ ಬೆರೆತವುಗಳಲ್ಲಿ ವಿಶೇಷವಾಗಿ. ಅವನ್ನು ಪಂದ್ಯಕ್ಕೆ ಮಾರುವುದು ಕ್ರೌರ್ಯ. ಹುಂಜಗಳನ್ನು ಕಾದಾಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧವೂ ಹೌದು. ಕೋಪದ ಸ್ವಭಾವವು ಸಂತತಿಗೂ ಇಳಿಯುವುದರಿಂದ, ಅಂತಹ ಹುಂಜವನ್ನು ಹ್ಯಾಟೆಗಳಿಂದ ಬೇರೆಯಾಗಿಟ್ಟು, ಮುಂದಿನ ಕಾವಿಗೆ ಸೌಮ್ಯವಾದ ಬೇರೊಂದು ಹುಂಜದಿಂದಾದ ಮೊಟ್ಟೆಗಳನ್ನೇ ಆರಿಸಿಕೊಳ್ಳಿ.