ಪಟ್ಟಿಯ ಮೇಲಿನ ಕೆಂಪು ಗೆರೆ

ಹಿಟ್ನಾಳ ಕ್ರಾಸಿನಲ್ಲಿ ಬಸ್ಸಿಳಿದು ಸೀದಾ ಔಷಧಿ ಅಂಗಡಿಗೆ ಹೋಗಿ, ‘ನೆಗಡಿ ಆಗೇತಿ, ಎರಡು ಆ್ಯಂಟಿಬಯೋಟಿಕ್ ಕೊಡ್ರಿ’ ಎನ್ನುವವರೇ, ಒಂದು ನಿಮಿಷ ನಿಲ್ಲಿ. ನೆಗಡಿ ಬರುವುದು ವೈರಸ್ಸಿನಿಂದ. ಆ ಮಾತ್ರೆಗೆ ಸಾಯುವುದು ಬ್ಯಾಕ್ಟೀರಿಯಾ. ಹೀಗಾಗಿ ನೆಗಡಿ ತನ್ನ ಪಾಡಿಗೆ ಇರುತ್ತದೆ. ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳಲ್ಲಿ ದುರ್ಬಲವಾದವು ಸತ್ತು, ಔಷಧಕ್ಕೆ ಜಗ್ಗದವು ಬೆಳೆಯುತ್ತವೆ.

2019ರಲ್ಲಿ ಇಂಥ ಜಗ್ಗದ ಸೋಂಕುಗಳೇ ನೇರ ಕಾರಣವಾಗಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂದಾಜು. ಮನೆಯ ಲೆಕ್ಕ ಬೇರೆ: ಮಾತ್ರೆಯಲ್ಲೇ ವಾಸಿಯಾಗಬೇಕಿದ್ದ ಮೂತ್ರದ ಸೋಂಕಿಗೆ ದುಬಾರಿ ಇಂಜೆಕ್ಷನ್, ಕೊಪ್ಪಳವೋ ಹುಬ್ಬಳ್ಳಿಯೋ ಆಸ್ಪತ್ರೆ ವಾಸ, ಜೊತೆಗೆ ಹೋದವರ ಕೂಲಿಯೂ ಖೋತಾ.

ನಮ್ಮ ಕಡೆ ಗದ್ದೆಯ ಕಥೆಯೂ ಇದೆ. ಭತ್ತದ ದುಂಡಾಣು ಅಂಗಮಾರಿಗೆಂದು ಹೊಡೆಯುತ್ತ ಬಂದ ಸ್ಟ್ರೆಪ್ಟೊಸೈಕ್ಲಿನ್ ಪುಡಿಯಲ್ಲಿರುವುದು ಸ್ಟ್ರೆಪ್ಟೊಮೈಸಿನ್, ಅಂದರೆ ಕ್ಷಯ ರೋಗಿಗಳಿಗೆ ಚುಚ್ಚುತ್ತಿದ್ದ ಔಷಧವೇ. ಯೂರಿಯಾ ಅತಿಯಾದರೆ ಈ ರೋಗವೂ ಜಾಸ್ತಿ. ಮೊದಲು ಅದನ್ನು ಕಡಿಮೆ ಮಾಡಿ ನೋಡಿ; ರೋಗ ತಗ್ಗಿದರೆ ಪುಡಿ ಹೊಡೆಯುವುದೂ ತಗ್ಗುತ್ತದೆ, ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಬೆಳೆಯುವುದೂ ತಗ್ಗುತ್ತದೆ. ಯೂರಿಯಾ ಚೀಲಕ್ಕೂ ಆಸ್ಪತ್ರೆ ಬಿಲ್ಲಿಗೂ ಎತ್ತಣ ನಂಟು ಎಂದು ನಗಬೇಡಿ.

ಮಾತ್ರೆ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆಯಿದ್ದರೆ ವೈದ್ಯರ ಚೀಟಿ ಬೇಕೇ ಬೇಕು. ಅವರು ಹೇಳಿದಷ್ಟು ದಿನ ನುಂಗಿ. ಹಳೆಯ ಪಟ್ಟಿಯೇನಾದರೂ ಮನೆಯ ಗೂಡಿನಲ್ಲಿದ್ದರೆ ಎಮ್ಮೆಗೂ ಕೋಳಿಗೂ ಹಾಕಬೇಡಿ; ಪಕ್ಕದ ಮನೆಯ ಕೂಸಿಗಂತೂ ಬೇಡವೇ ಬೇಡ.