ಬಳಿಯುವ ಮುನ್ನ ಬಡಿದು ನೋಡು

ಅಳಿಯಾ, ಜೀಪು ತಗೊಂಡೆಯಂತೆ, ಸಂತೋಷ. ನಿನ್ನ ವಯಸ್ಸಿಗಿಂತ ಹಳೆಯ ಎಂಎಂ 540 ಅಂತ ನಿಮ್ಮಮ್ಮ ಫೋನಿನಲ್ಲಿ ಅಳುದನಿಯಲ್ಲಿ ಹೇಳಿದಳು. ನಾನು ನಕ್ಕುಬಿಟ್ಟೆ. ಮಳೆ ಹಿಡಿಯೋದರೊಳಗೆ ಕಿಟ್ ತರಿಸಿ, ಮನೆಯಂಗಳದಲ್ಲೇ ಗಾಡಿಯ ತಳಕ್ಕೂ ಒಳಮೈಗೂ ಸ್ಪ್ರೇ ಕೋಟಿಂಗ್ ಹೊಡೀತೀನಿ ಅಂದಿದ್ದೀಯಂತೆ. ಮೂವತ್ತೈದು ವರ್ಷ ಗನ್ ಹಿಡಿದ ಕೈ ನಂದು. ಹೊಡೀಬೇಡ ಅನ್ನೋಲ್ಲ. ಮುಚ್ಚಳ ತೆಗೆಯೋ ಮೊದಲು ಒಂದಿಷ್ಟು ಕೇಳಿಸಿಕೋ.

ನಮ್ಮ ಶೆಡ್ಡಿಗೆ ರಬ್ಬರ್ ಕೋಟಿಂಗ್ ಹೊಸದಾಗಿ ಬಂದಿದ್ದ ಕಾಲ. ಅಡಿಕೆ ತೋಟದವರೊಬ್ಬರು ಜೀಪು ತಂದು ನಿಲ್ಲಿಸಿದರು. ಕೊಳೆರೋಗಕ್ಕೆ ಔಷಧಿ ಹೊಡೆಯೋ ಕಾಲದಲ್ಲಿ ಬೋರ್ಡೋ ಡ್ರಮ್ಮುಗಳನ್ನ ಅದರಲ್ಲೇ ಸಾಗಿಸುತ್ತಿದ್ದರು. ಚಾಸಿ ಮೇಲೆ ಅಲ್ಲಲ್ಲಿ ತುಕ್ಕಿತ್ತು. ವಾಟರ್ ಸರ್ವೀಸ್ ಮಾಡಿಸಿ, ವೈರ್ ಬ್ರಷ್ಷಿನಲ್ಲಿ ಎರಡು ಸಲ ಕೆರೆದು, ಮೇಲೆ ದಪ್ಪಗೆ ಹೊಡೆದೆ. ಕಪ್ಪಗೆ ಮಿರಮಿರ ಅಂತಿತ್ತು. ಅವರು ಖುಷಿಯಾಗಿ ನಮ್ಮ ಹುಡುಗರಿಗೆಲ್ಲ ಬಾಳೆಗೊನೆ ಕೊಟ್ಟು ಹೋದರು. ಎರಡು ಮಳೆಗಾಲ ಕಳೆದು ವಾಪಸ್ ಬಂದಾಗ ಗಾಡಿ ಒಂದು ಕಡೆ ವಾಲಿತ್ತು. ಕೆಳಗೆ ನುಸುಳಿ ನೋಡಿದರೆ ಕೋಟಿಂಗ್ ಎಲ್ಲೂ ಬಿಟ್ಟಿಲ್ಲ, ನಾನು ಹೊಡೆದ ಹಾಗೇ ಇದೆ. ಹೆಬ್ಬೆರಳಲ್ಲಿ ಒತ್ತಿದೆ, ಬೆರಳು ಒಳಗೆ ಹೋಯಿತು. ಕಬ್ಬಿಣ ಪುಡಿಯಾಗಿ, ಅದರ ಆಕಾರವನ್ನ ನನ್ನ ಕೋಟಿಂಗ್ ಸಿಪ್ಪೆ ಹಿಡಿದುಕೊಂಡಿತ್ತು ಅಷ್ಟೆ. ಅವರು ಬೈಯಲಿಲ್ಲ. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೇನೋ.

ಆಗಿದ್ದು ಏನು ಗೊತ್ತಾ? ಬೋರ್ಡೋ ಕಲಸೋದನ್ನ ನೀನು ಚಿಕ್ಕಂದಿನಿಂದ ನೋಡಿದ್ದೀಯ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಹದ ನೋಡೋಕೆ ನಿಮ್ಮಜ್ಜ ಕತ್ತಿ ಅದ್ದುತ್ತಿದ್ದರು. ಕತ್ತಿ ಮೇಲೆ ಕೆಂಪಗೆ ತಾಮ್ರ ಕೂತರೆ ಇನ್ನಷ್ಟು ಸುಣ್ಣ ಹಾಕು ಅಂತ ಅರ್ಥ. ಆ ತಾಮ್ರ ಪುಕ್ಕಟೆ ಬಂದು ಕೂರಲ್ಲ ಕಣೋ, ಕತ್ತಿಯ ಕಬ್ಬಿಣವನ್ನ ಕರಗಿಸಿ ಆ ಜಾಗದಲ್ಲಿ ಕೂರುತ್ತೆ. ಸುಣ್ಣ ಸಾಲದ ನೀರು ಡ್ರಮ್ಮಿನಿಂದ ತುಳುಕಿ ಚಾಸಿ ಸಂದಿಗೆ ಇಳಿದರೂ ಅದೇ ಕೆಲಸ. ಪೊಟ್ಯಾಷ್ ಮೂಟೆ ಸೋರಿದರೂ ಬಿಡಲ್ಲ, ಅದು ಉಪ್ಪಿನ ಜಾತಿ. ನಾನು ಅವೆಲ್ಲವನ್ನೂ ಒಳಗಿಟ್ಟು ಬೀಗ ಹಾಕಿದ್ದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಅದು ಉಬ್ಬಿದಂತೆ ಕೋಟಿಂಗ್ ತಳದಿಂದ ಸಡಿಲವಾಗುತ್ತೆ, ಆ ಸಂದಿಗೆ ನೀರು ಬರುತ್ತೆ, ಬಂದ ನೀರಿಗೆ ಆರಿ ಹೋಗೋಕೆ ದಾರಿಯಿಲ್ಲ. ಬೋಳು ಚಾಸಿಯಾದರೂ ಬಿಸಿಲಿಗೆ ಒಣಗುತ್ತಿತ್ತು.

ಆದ್ದರಿಂದ ನಿನ್ನ ಮೊದಲ ಸಾಮಾನು ಸ್ಪ್ರೇ ಗನ್ ಅಲ್ಲ, ಒಂದು ಚಿಕ್ಕ ಸುತ್ತಿಗೆ. ಗಾಡಿ ಕೆಳಗೆ ಮಲಗಿ ಗೇಣಿಗೊಂದು ಸಲ ಬಡಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತೆ, ಸತ್ತದ್ದು ಡಬ್ ಅನ್ನುತ್ತೆ. ಸ್ಪ್ರಿಂಗ್ ಶ್ಯಾಕಲ್ ಕೂರೋ ಜಾಗ, ಬಾಡಿ ಮೌಂಟಿನ ಸುತ್ತ, ಪಟ್ಟಿ ವೆಲ್ಡ್ ಮಾಡಿದ ಕಡೆ ಚೆನ್ನಾಗಿ ಬಡಿ. ಮಾರಿದವನು ತಳಕ್ಕೆ ಹೊಸದಾಗಿ ಕಪ್ಪು ಬಳಿದುಕೊಟ್ಟಿದ್ದರೆ ಇನ್ನೂ ಅನುಮಾನದಿಂದ ಬಡಿ. ಮಾರೋ ಹಿಂದಿನ ವಾರ ಜೀಪಿನ ಮೇಲೆ ಯಾರಿಗೂ ಪ್ರೀತಿ ಉಕ್ಕಲ್ಲ. ಸತ್ತ ಕಬ್ಬಿಣ ಸಿಕ್ಕರೆ ಕತ್ತರಿಸಿ ಹೊಸ ಪ್ಲೇಟು ಹಾಕಿಸು. ತುಕ್ಕನ್ನ ಹೊಳೆಯೋ ಲೋಹ ಕಾಣೋವರೆಗೆ ತೆಗಿ. ಗ್ರೈಂಡರ್ ಹೋಗದ ಮೂಲೆಗೆ ಮಾತ್ರ ಫಾಸ್ಫಾರಿಕ್ ಆಸಿಡ್ಡಿನ ರಸ್ಟ್ ಕನ್ವರ್ಟರ್. ಆಮೇಲೆ ಎಪಾಕ್ಸಿ ಪ್ರೈಮರ್. ಹತ್ತು ದಿನದ ಕೆಲಸದಲ್ಲಿ ಒಂಬತ್ತು ದಿನ ಇದಕ್ಕೇ ಹೋಗಬೇಕು, ಗನ್ ಹಿಡಿಯೋದು ಕೊನೇ ದಿನ.

ಇನ್ನು ನಿನ್ನ ಕಿಟ್ಟಿನ ವಿಚಾರ. ರ್‍ಯಾಪ್ಟರ್ ಥರದ್ದು ಪಾಲಿಯುರೆಥೇನ್ ಜಾತಿ. ಮೂರು ಪಾಲು ಬಣ್ಣ, ಒಂದು ಪಾಲು ಹಾರ್ಡ್ನರ್ ಬೆರೆಸಿ ಬಾಟಲಿಗೇ ಗನ್ ತಿರುಗಿಸಿ ಹೊಡೆಯೋದು. ಪಾಲಿಯೂರಿಯಾ ಅನ್ನೋದು ಇದರ ಅಣ್ಣ. ಅದು ಸೆಕೆಂಡುಗಳಲ್ಲಿ ಗಟ್ಟಿಯಾಗುತ್ತೆ, ಎರಡು ದ್ರವವನ್ನೂ ಕಾಯಿಸಿ ಗನ್ನಿನ ಬಾಯಲ್ಲೇ ಬೆರೆಸೋ ದೊಡ್ಡ ಮಿಷನ್ ಬೇಕು, ಮನೆಯ ಕೆಲಸವಲ್ಲ. ಎರಡೂ ಒಳ್ಳೆಯ ಮಾಲೇ. ಪಿಕಪ್ ಗಾಡಿಗಳ ಹಿಂದಿನ ತೊಟ್ಟಿಗೆ ಹೊಡೆಯೋವಂಥದ್ದು. ಕಲ್ಲು ಎಸೆದರೂ ಕಬ್ಬಿಣ ಉಜ್ಜಿದರೂ ತಡೆಯುತ್ತೆ. ಅಡಿಕೆ ಗೊನೆ, ಹಾರೆ, ಗುದ್ದಲಿ ಬಿಸಾಡೋ ಹಿಂದಿನ ತಳಕ್ಕೆ, ಚಕ್ರ ಕಲ್ಲು ಹಾರಿಸೋ ಮಡ್‌ಗಾರ್ಡಿನ ಒಳಮೈಗೆ ಅದನ್ನೇ ಹೊಡಿ, ಬೇಡ ಅಂದವರು ಯಾರು?

ಆದರೆ ಆ ಹಾರ್ಡ್ನರಿನಲ್ಲಿರೋದು ಐಸೊಸಯನೇಟು. 1984ರಲ್ಲಿ ಭೋಪಾಲದಲ್ಲಿ ಸೋರಿತಲ್ಲ, ಅದೇ ಕುಲದ್ದು. ಅಷ್ಟು ಘೋರವಲ್ಲ, ಆದರೂ ಸಾಧುವಲ್ಲ. ಮೂಗಿಗೆ ವಾಸನೆ ತಿಳಿಯದಷ್ಟು ಇದ್ದರೂ ಎದೆಗೆ ಇಳಿಯುತ್ತೆ. ಒಮ್ಮೆ ದೇಹ ಅದಕ್ಕೆ ತಿರುಗಿಬಿತ್ತು ಅಂದರೆ ಮುಂದೆ ಒಂಚೂರು ಸೋಕಿದರೂ ಉಬ್ಬಸ. ನನ್ನ ಜೊತೆ ಹನ್ನೆರಡು ವರ್ಷ ಗನ್ ಹಿಡಿದ ಹುಡುಗ ಟವೆಲ್ ಸುತ್ತಿಕೊಂಡೇ ಹೊಡೆಯುತ್ತಿದ್ದ, ನಾನೂ ಹಾಗೇ. ನನಗೇನೂ ಆಗಲಿಲ್ಲ. ಅವನೀಗ ಶೆಡ್ಡಿನ ಬಾಗಿಲಿನಿಂದ ಈಚೆಗೇ ನಿಂತು ಮಾತಾಡಿಸಿ ಹೋಗ್ತಾನೆ, ಪಕ್ಕದಲ್ಲಿ ಡಬ್ಬ ಬಿಚ್ಚಿದರೆ ಇನ್‌ಹೇಲರ್ ಹುಡುಕ್ತಾನೆ. ಟವೆಲ್ಲು, ಬಟ್ಟೆ ಮಾಸ್ಕು ಯಾವುದೂ ಸಾಲದು. ಹೊರಗಿನ ಶುದ್ಧ ಗಾಳಿಯನ್ನ ಪೈಪಿನಲ್ಲಿ ತರೋ ಮುಖವಾಡ ಬೇಕು. ಅದಿಲ್ಲದೆ ಅಂಗಳದಲ್ಲಿ ಹೊಡೆಯೋ ಮಾತೇ ಬೇಡ. ಅಂಗಳದಲ್ಲಿ ನಿನ್ನ ತಂಗಿ ಮಗು ಆಡುತ್ತೆ ಅನ್ನೋದೂ ತಲೆಯಲ್ಲಿರಲಿ.

ಈಗಂತೂ ಕಾಲವೂ ಅಲ್ಲ. ಹಾರ್ಡ್ನರಿಗೆ ನೀರು ಕಂಡರೆ ಆಗದು, ತೇವ ಸಿಕ್ಕರೆ ಗ್ಯಾಸ್ ಬಿಟ್ಟು ಗುಳ್ಳೆ ಏಳುತ್ತೆ. ಮೇ ಕೊನೆಯ ನಮ್ಮ ಗಾಳಿಯಲ್ಲಿ ಕಬ್ಬಿಣವೇ ಬೆವರುತ್ತಿರುತ್ತೆ. ಶಿವರಾತ್ರಿ ಕಳೆದ ಮೇಲೆ ಹೊಡಿ. ಅದೂ ಇಬ್ಬನಿ ಆರಿ ತಗಡು ಕೈಗೆ ಬೆಚ್ಚಗೆ ಹತ್ತಿದ ಮೇಲೆ.

ಹೊಡೆಯೋ ದಿನ ಮಾಸ್ಕಿಂಗ್ ಟೇಪಿಗೆ ಜಿಪುಣತನ ಬೇಡ. ಸೈಲೆನ್ಸರ್, ಬ್ರೇಕ್ ಹೋಸು, ಡ್ರಮ್ಮು, ಆ್ಯಕ್ಸಲ್ಲಿನ ಬ್ರೀದರ್, ಗ್ರೀಸ್ ನಿಪ್ಪಲ್, ಅರ್ಥಿಂಗ್ ಬೋಲ್ಟು ಎಲ್ಲ ಮುಚ್ಚು. ಪ್ರೊಪೆಲ್ಲರ್ ಶಾಫ್ಟಿಗೆ ಒಂದು ಕಡೆ ದಪ್ಪ ಕೂತರೂ ಗಾಡಿ ನಡುಗುತ್ತೆ. ನೀರಿಳಿಯೋ ತೂತುಗಳಿಗೆ ಕಡ್ಡಿ ಸಿಕ್ಕಿಸಿಡು, ಮುಚ್ಚಿದರೆ ಚಾಸಿ ಹೋಗಿ ಹಂಡೆ ಆಗುತ್ತೆ. ಚಾಸಿ ನಂಬರಿನ ಮೇಲೆ ಹೊಡೆದೆಯೋ, ಎಫ್‌ಸಿಗೆ ಹೋದಾಗ ಇನ್‌ಸ್ಪೆಕ್ಟರ್ ಎದುರಿಗೆ ಕೂತು ಕೆರೆಯಬೇಕು. ಆಮೇಲೆ ಮೈಗೆಲ್ಲ ಮಿಲಿಟರಿ ಹಸಿರು ಹೊಡೆಸೋ ಆಸೆಯಂತೆ. ಆ ಆಲಿವ್ ಹಸಿರು ಸೇನೆಯ ಗಾಡಿಗಳಿಗೆ ಮಾತ್ರ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಬೇರೆ ಬಣ್ಣವಾದರೂ ಆರ್‌ಸಿಯಲ್ಲಿ ಬದಲಾಯಿಸಬೇಕು.

ಚಾಸಿಗೆ ಮಾತ್ರ ಈ ದಪ್ಪ ಮಾಲು ಬೇಡ ಅನ್ನೋದು ನನ್ನ ಹಟ. ಬೇರೆ ಪೇಂಟರುಗಳು ಒಪ್ಪಲಿಕ್ಕಿಲ್ಲ. ಹೊರಗೆ ಪ್ರೈಮರ್ ಮೇಲೆ ತೆಳ್ಳಗೆ ಚಾಸಿ ಪೇಂಟು, ಪೆಟ್ಟಿಗೆ ಥರ ಮುಚ್ಚಿದ ಭಾಗಗಳ ಒಳಗೆ ಉದ್ದ ನಳಿಗೆಯಲ್ಲಿ ಮೇಣದ ಕೋಟಿಂಗ್. ಮೇಣ ಹರಿದು ಸಂದಿಗೆ ಇಳಿಯುತ್ತೆ, ಗೀರಿದರೂ ಕೂಡಿಕೊಳ್ಳುತ್ತೆ. ಪ್ರತಿವರ್ಷ ಮತ್ತೆ ಹೊಡೀಬೇಕು, ಅದೇ ಅದರ ಗುಣ. ವರ್ಷಕ್ಕೊಮ್ಮೆಯಾದರೂ ನೀನು ಗಾಡಿ ಕೆಳಗೆ ಮಲಗ್ತೀಯ. ಹಳಬರು ಸುಟ್ಟ ಆಯಿಲ್ ಬಳಿಯುತ್ತಿದ್ದರು, ನಾನೂ ಬಳಿದಿದ್ದೇನೆ. ಬುಷ್ಷಿನ ರಬ್ಬರ್ ಉಬ್ಬುತ್ತೆ, ತೊಟ್ಟಿಕ್ಕಿ ತೋಟದ ನೀರಿಗೆ ಸೇರುತ್ತೆ, ಅದನ್ನ ಕಲಿಯಬೇಡ.

ಕಿಟ್ ಬಂದಿದ್ದರೆ ಬಿಚ್ಚದೆ ಬಿಸಿಲು ತಾಗದ ಜಾಗದಲ್ಲಿಡು. ಮೇಲೆ ತಾರೀಖು ಇರುತ್ತೆ, ಶಿವರಾತ್ರಿವರೆಗೆ ಬರುತ್ತಾ ನೋಡಿಕೋ. ಈ ವರ್ಷದ ಮಳೆಗೆ ಮೇಣ ಸಾಕು. ಭಾನುವಾರ ಜೀಪು ಇಲ್ಲಿಗೇ ತಗೊಂಡು ಬಾ. ದಾರಿಯಲ್ಲಿ ಹೊಳೆಗೆ ಇಳಿಸಬೇಡ, ಒದ್ದೆ ಚಾಸಿ ಬಡಿದರೆ ದನಿ ಸರಿಯಾಗಿ ಕೇಳಲ್ಲ. ನಿಮ್ಮತ್ತೆ ಕಡುಬು ಮಾಡ್ತಾಳಂತೆ. ಹಳೇ ಪ್ಯಾಂಟು ಹಾಕಿಕೊಂಡು ಬಾ, ನನ್ನ ಸೊಂಟ ಈಗ ಬಗ್ಗಲ್ಲ. ಕೆಳಗೆ ಮಲಗೋನು ನೀನು, ಮೇಲೆ ಕುರ್ಚಿ ಹಾಕಿಕೊಂಡು ಠಣ್ಣೋ ಡಬ್ಬೋ ಅಂತ ಕೇಳೋನು ನಾನು.