ಹಾಲಿನ ಕಂಪ್ಯೂಟರಿನ ಲಾಗ್ ಓದುವುದು ಹೇಗೆ?



ಸಂಘದಲ್ಲಿ ಹಾಲು ಹಾಕಿದ ಮೇಲೆ ನಿಮ್ಮ ಕೈಗೆ ಬರುವ ಚೀಟಿಯಲ್ಲಿ ಲೀಟರು, ಜಿಡ್ಡಿನಂಶ, ಜಿಡ್ಡೇತರ ಘನಾಂಶ, ದರ, ಮೊತ್ತ ಎಲ್ಲವೂ ಅಚ್ಚಾಗಿರುತ್ತವೆ. ಆದರೆ ಬಟವಾಡೆ ಪಟ್ಟಿಯಲ್ಲಿರುವ ಅಂಕಿ ಯಂತ್ರದಿಂದ ನೇರವಾಗಿ ಬಂದದ್ದೋ, ಯಾರಾದರೂ ಕೀಲಿಮಣೆಯಲ್ಲಿ ಒತ್ತಿ ಹಾಕಿದ್ದೋ, ನೀವು ಮನೆಗೆ ಹೋದ ಮೇಲೆ ತಿದ್ದಿದ್ದೋ ಎಂಬುದು ಪಟ್ಟಿಯನ್ನು ನೋಡಿದರೆ ತಿಳಿಯುವುದಿಲ್ಲ. ಅದನ್ನು ತಿಳಿಸುವ ಇನ್ನೊಂದು ದಾಖಲೆ ಕಂಪ್ಯೂಟರಿನೊಳಗೇ ಇರುತ್ತದೆ. ಅದಕ್ಕೆ ಲಾಗ್ ಎಂದು ಹೆಸರು. ಕಂಪ್ಯೂಟರು ತಾನೇ ಬರೆದುಕೊಳ್ಳುವ ದಿನಚರಿ ಎಂದರೂ ಸರಿ.

ಹಿಂದೆ ಸಂಘಗಳಲ್ಲಿ ಗರ್ಬರ್ ವಿಧಾನದಿಂದ ಜಿಡ್ಡು ನೋಡುತ್ತಿದ್ದರು. 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೊಹಾಲ್ ಹಾಕಿ ತಿರುಗಿಸಿ, ಬಂದ ಅಂಕಿಯನ್ನು ರಿಜಿಸ್ಟರಿನಲ್ಲಿ ಕೈಯಿಂದ ಬರೆಯುತ್ತಿದ್ದರು. ಯಾರಾದರೂ ಅಳಿಸಿ ಬರೆದರೆ ಕಾಗದ ತೆಳ್ಳಗಾಗಿ ಗುರುತು ಉಳಿಯುತ್ತಿತ್ತು. ಪ್ರಾಮಾಣಿಕ ಕಾರ್ಯದರ್ಶಿ ತಪ್ಪಾದ ಅಂಕಿಗೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕುತ್ತಿದ್ದರು. ಕಂಪ್ಯೂಟರಿನ ಪರದೆಯಲ್ಲಿ 3.9 ಅಳಿಸಿ 3.4 ಒತ್ತಿದರೆ ಅಂಥ ಯಾವ ಗುರುತೂ ಕಾಣುವುದಿಲ್ಲ. ಆ ಅಡ್ಡಗೆರೆಯ ಕೆಲಸವನ್ನು ಈಗ ಲಾಗ್ ಮಾಡಬೇಕು.

ತೂಕದ ಯಂತ್ರ, ಹಾಲು ಪರೀಕ್ಷಾ ಯಂತ್ರ ಎರಡೂ ತಂತಿಯ ಮೂಲಕ ಕಂಪ್ಯೂಟರಿಗೆ ಅಂಕಿ ಕಳಿಸುತ್ತವೆ. ತಂತ್ರಾಂಶವು ದರಪಟ್ಟಿ ನೋಡಿ ಮೊತ್ತ ಹಾಕುತ್ತದೆ. ಒಳ್ಳೆಯ ತಂತ್ರಾಂಶವಾದರೆ ಇದರ ಜೊತೆಗೇ ಲಾಗಿನಲ್ಲಿ ಒಂದು ಸಾಲು ಬರೆಯುತ್ತದೆ: ದಿನಾಂಕ, ಗಂಟೆ, ಯಾವ ಬಳಕೆದಾರ, ಏನು ಮಾಡಿದರು, ಮೊದಲು ಏನಿತ್ತು, ಈಗ ಏನಾಯಿತು. ತಿಳಿವಳಿಕೆಗಾಗಿ ಒಂದು ಕಲ್ಪಿತ ಉದಾಹರಣೆ ನೋಡೋಣ.

ಬೆಳಿಗ್ಗೆ 7.12. ಸದಸ್ಯ ಸಂಖ್ಯೆ 46. 4.6 ಲೀ. ಜಿಡ್ಡು 3.9. ಯಂತ್ರ.
ಬೆಳಿಗ್ಗೆ 9.40. ಸದಸ್ಯ ಸಂಖ್ಯೆ 46. ಜಿಡ್ಡು 3.9 ಇದ್ದದ್ದು 3.4. ತಿದ್ದುಪಡಿ. ಬಳಕೆದಾರ: ಕಾರ್ಯದರ್ಶಿ.

ಮೊದಲ ಸಾಲಿನಲ್ಲಿ ಸಂಶಯವಿಲ್ಲ. ಎರಡನೆಯ ಸಾಲು ಹಾಲು ಕೂಡಿಸುವುದು ಮುಗಿದ ಮೇಲೆ ಬಂದದ್ದು. ಇದನ್ನು ಕಂಡ ಕೂಡಲೇ ಕಾರ್ಯದರ್ಶಿಯವರ ಮೇಲೆ ಹೋಗಬೇಡಿ. 46 ಮತ್ತು 47ನೇ ಸದಸ್ಯರ ಮಾದರಿ ಹಾಲು ಅದಲುಬದಲಾಗಿರಬಹುದು. ಹಾಗಿದ್ದರೆ ಅದೇ ಹೊತ್ತಿಗೆ 47ರ ಸಾಲಿನಲ್ಲಿ 3.4 ಇದ್ದದ್ದು 3.9 ಆಗಿರಲೇಬೇಕು. ಅದಲುಬದಲಿನ ತಿದ್ದುಪಡಿ ಯಾವಾಗಲೂ ಜೋಡಿಯಾಗಿ ಇರುತ್ತದೆ. ಜೋಡಿ ಸಿಗದ ಒಂಟಿ ತಿದ್ದುಪಡಿಗೆ ಮಾತ್ರ ಕಾರಣ ಕೇಳಬೇಕು, ಆ ಕಾರಣ ಬರಹದಲ್ಲಿರಬೇಕು.

ಕೈಯಿಂದ ಅಂಕಿ ಹಾಕುವುದೇ ತಪ್ಪು ಎಂಬ ಭಾವನೆ ಕೆಲವರಲ್ಲಿದೆ. ಇದು ಸರಿಯಲ್ಲ. ಕರೆಂಟು ಹೋದಾಗ, ಬ್ಯಾಟರಿ ಇಳಿದಾಗ, ತಂತಿ ಸಡಿಲವಾದಾಗ ಕೈಯಿಂದಲೇ ಹಾಕಬೇಕಾಗುತ್ತದೆ. ಮಳೆಗಾಲದಲ್ಲಿ ಬೆಣ್ಣೆಹಳ್ಳ ತುಂಬಿ ಬಂದು ಯಾವಗಲ್, ಹೊಳೆಆಲೂರು ಕಡೆ ದಾರಿ ಕಟ್ಟಾದರೆ ಯಂತ್ರ ರಿಪೇರಿಯವರೂ ಬರಲಾಗದು. ಹಾಗೆಂದು ಹಾಲು ತಗೊಳ್ಳದೆ ಇರಲಾಗುತ್ತದೆಯೇ? ಅಂಥ ಹೊತ್ತಿನಲ್ಲಿ ಇಡೀ ಸರದಿಯ ಎಲ್ಲ ಸದಸ್ಯರ ಸಾಲೂ ಕೈಯಿಂದ ಹಾಕಿದ್ದೇ ಆಗಿರುತ್ತದೆ. ಬೇರೆ ಎಲ್ಲರದ್ದೂ ಯಂತ್ರದಿಂದ ಬಂದು, ಅದೇ ನಾಲ್ಕಾರು ಸಂಖ್ಯೆಗಳದು ಮಾತ್ರ ದಿನವೂ ಕೈಯಿಂದ ಹಾಕಿದ್ದಾಗಿದ್ದರೆ ಆಡಳಿತ ಮಂಡಳಿ ಅದನ್ನು ವಿಚಾರಿಸಬೇಕು.

ಇದರಲ್ಲಿ ಎರಡು ಕಡೆಯ ರೊಕ್ಕ ಸೇರಿದೆ. ಸರ್ಕಾರದ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಶುರುವಾಗಿ, 2013ರಲ್ಲಿ 4 ರೂಪಾಯಿ, 2016ರಲ್ಲಿ 5 ರೂಪಾಯಿ ಆಯಿತು. ಇದು ಸಂಘದ ದಾಖಲೆಯಲ್ಲಿರುವ ಲೀಟರಿನ ಲೆಕ್ಕದಂತೆ ಸದಸ್ಯರ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಆದ್ದರಿಂದ ಹಾಲು ಹಾಕದವರ ಹೆಸರಿನಲ್ಲಿ ಬರೆದ ಒಂದು ಲೀಟರು ಸಂಘಕ್ಕೂ ನಷ್ಟ, ಸರ್ಕಾರಕ್ಕೂ ನಷ್ಟ. ಆಕಳು ಗಬ್ಬವಿದ್ದು ಹಾಲು ಬತ್ತಿಸಿದ ಮನೆಯ ಸಂಖ್ಯೆಯಲ್ಲಿ ದಿನವೂ ಎಂಟು ಲೀಟರು ಕಾಣಿಸಿದರೆ ಊರಿನವರಿಗೇ ಮೊದಲು ಗೊತ್ತಾಗುತ್ತದೆ.

ಇನ್ನೊಂದು ಬಗೆಯ ಸಾಲು ಇದೆ. ಸದಸ್ಯರು ಇದರ ಕಡೆ ಲಕ್ಷ್ಯ ಕೊಡುವುದು ಕಡಿಮೆ, ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ ಎಂದು ನನ್ನ ಅಭಿಪ್ರಾಯ. ಹಾಲು ಪರೀಕ್ಷಾ ಯಂತ್ರವನ್ನು ಆಗಾಗ ಗರ್ಬರ್ ಪರೀಕ್ಷೆಯೊಂದಿಗೆ ಹೋಲಿಸಿ ಸರಿಪಡಿಸಬೇಕಾಗುತ್ತದೆ. ಯಂತ್ರ 0.2 ಹೆಚ್ಚು ತೋರಿಸುತ್ತಿದ್ದರೆ ಸೆಟ್ಟಿಂಗಿನಲ್ಲಿ ಅಷ್ಟು ಇಳಿಸುತ್ತಾರೆ. ಆದರೆ ಹೋಲಿಸದೆ ಸುಮ್ಮನೆ 0.2 ಇಳಿಸಿದರೆ, ಅಂದಿನಿಂದ ಊರಿನ ಪ್ರತಿಯೊಬ್ಬ ಸದಸ್ಯನಿಗೂ ಪ್ರತಿ ಸರದಿಯಲ್ಲೂ ಅಷ್ಟು ಜಿಡ್ಡು ಕಡಿಮೆ ಬೀಳುತ್ತದೆ, ಲಾಗಿನ ಎಲ್ಲ ಸಾಲಿನ ಮುಂದೆಯೂ 'ಯಂತ್ರ' ಎಂದೇ ಇರುತ್ತದೆ. ಆದ್ದರಿಂದ ಸೆಟ್ಟಿಂಗ್ ಬದಲಾದದ್ದು, ದರಪಟ್ಟಿ ಬದಲಾದದ್ದು ಯಾವ ದಿನ, ಯಾರಿಂದ ಎಂಬುದನ್ನೂ ನೋಡಬೇಕು. ಕೆಲವು ಪರೀಕ್ಷಾ ಯಂತ್ರಗಳ ಸೆಟ್ಟಿಂಗನ್ನು ಯಂತ್ರದ ಗುಂಡಿ ಒತ್ತಿಯೇ ಬದಲಿಸಬಹುದು. ಅದು ಕಂಪ್ಯೂಟರಿನ ಲಾಗಿಗೆ ಬರುವುದಿಲ್ಲ. ಅಂಥ ಕಡೆ ಗೋಡೆಗೆ ಒಂದು ಪುಸ್ತಕ ತೂಗುಹಾಕಿ, ಸರಿಪಡಿಸಿದ ದಿನ ಗರ್ಬರ್ ಅಂಕಿ, ಯಂತ್ರದ ಅಂಕಿ ಎರಡನ್ನೂ ಬರೆದು ಸಹಿ ಹಾಕುವುದು ಒಳ್ಳೆಯದು.

ಪಶುವೈದ್ಯನಾದ ನನಗೆ ಈ ಲಾಗಿನ ಗೊಡವೆ ಯಾಕೆ ಎಂದು ಕೇಳಬಹುದು. "ಸಾಹೇಬ್ರ, ನಮ್ಮ ಆಕಳ ಫ್ಯಾಟು ಇಳದೈತ್ರಿ, ಔಷಧ ಕೊಡ್ರಿ" ಎಂದು ಸದಸ್ಯರು ಕೇಳುತ್ತಲೇ ಇರುತ್ತಾರೆ. ಔಷಧಕ್ಕಿಂತ ಮುಂಚೆ ಇಳಿದದ್ದು ಹೇಗೆ ಎಂದು ತಿಳಿಯಬೇಕು. ಜೋಳದ ಕಣಕಿ ಮುಗಿದು ಮಳೆಗಾಲದ ಎಳೆ ಹಸಿಹುಲ್ಲನ್ನೇ ಹೊಟ್ಟೆ ತುಂಬ ಹಾಕಿದರೆ ನಾರಿನಂಶ ಕಡಿಮೆಯಾಗಿ ಜಿಡ್ಡು ಇಳಿಯುತ್ತದೆ, ಆದರೆ ನಾಲ್ಕೆಂಟು ದಿನಗಳಲ್ಲಿ ನಿಧಾನವಾಗಿ. ಸಂಜೆ 4ಕ್ಕೆ ಹಿಂಡಿ ಮರುದಿನ 6ಕ್ಕೆ ಹಿಂಡಿದರೆ ನಡುವೆ 14 ತಾಸು ಆಗುವುದರಿಂದ ಬೆಳಗಿನ ಹಾಲು ಹೆಚ್ಚು, ಜಿಡ್ಡು ಕಡಿಮೆ. ಇದು ದಿನವೂ ಹಾಗೆಯೇ ಇರುತ್ತದೆ. ಕೊನೆಯ ಹಾಲಿನಲ್ಲಿ ಜಿಡ್ಡು ಬಹಳ. ಅದನ್ನು ಕರುವಿಗೆ ಬಿಟ್ಟರೆ ಕ್ಯಾನಿಗೆ ಬರುವುದು ತೆಳುಹಾಲು. ಕೆಚ್ಚಲು ಬಾವು ಒಳಗೊಳಗೇ ಇದ್ದರೆ ಹಾಲಿನ ಪ್ರಮಾಣವೂ ಜಿಡ್ಡೇತರ ಘನಾಂಶವೂ ಇಳಿಯುತ್ತವೆ. ಇವೆಲ್ಲ ಒಂದು ಮನೆಯ ದನದ ಸಂಗತಿ. ಮಂಗಳವಾರ ಸಂಜೆಯಿಂದ ಓಣಿಯ ಹತ್ತೂ ಮನೆಗಳಿಗೆ ಒಂದೇ ಸಮನೆ 0.2 ಇಳಿದಿದ್ದರೆ, ಹತ್ತು ಮನೆಯ ಆಕಳುಗಳು ಒಂದೇ ಸಂಜೆ ಮಾತಾಡಿಕೊಂಡು ಜಿಡ್ಡು ಇಳಿಸುವುದಿಲ್ಲ. ಮಂಗಳವಾರದ ಲಾಗ್ ತೆಗೆಸಿ ನೋಡಬೇಕು. ಅಂಕಿಯೇ ಸುಳ್ಳಾದಾಗ ಇಲ್ಲದ ರೋಗಕ್ಕೆ ಖನಿಜ ಮಿಶ್ರಣ, ಟಾನಿಕ್ಕು ಎಂದು ರೊಕ್ಕ ಖರ್ಚಾಗುತ್ತದೆ. ಇದಕ್ಕಿಂತ ಕೆಟ್ಟದ್ದು, ನಿಜವಾದ ಬಾವು ಇದ್ದರೂ "ಎಲ್ಲಾ ಡೇರಿಯವರ ಆಟ" ಎಂದು ಬಿಟ್ಟು ಕೆಚ್ಚಲಿನ ಒಂದು ಮೊಲೆಯನ್ನೇ ಕಳೆದುಕೊಳ್ಳುವುದು.

ಲಾಗ್ ಎಂಬುದು ಹಾಲಿನ ಸಂಘಗಳಿಗಾಗಿ ಹುಟ್ಟಿದ್ದಲ್ಲ. ಕಂಪ್ಯೂಟರಿನಲ್ಲಿ ಬಿಲ್ಲು ಮಾಡುವ ಕಡೆಗಳಲ್ಲಿ ಇದರ ಬಳಕೆ ಇದೆ. ಅಂತರ್ಜಾಲ ತಾಣಗಳಿಗೆ ಜಾಗ ಬಾಡಿಗೆ ಕೊಡುವ ವ್ಯಾಪಾರದ ಬಿಲ್ಲಿನ ತಂತ್ರಾಂಶದಲ್ಲಿಯೂ ಯಾವ ನೌಕರ ಯಾವ ಗಿರಾಕಿಯ ಬಿಲ್ಲನ್ನು ಎಷ್ಟು ಹೊತ್ತಿಗೆ ತಿದ್ದಿದ ಎಂಬುದು ಸಾಲುಸಾಲಾಗಿ ಸಿಗುತ್ತದೆ. ನಮ್ಮ ದೇಶದಲ್ಲಿ 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ತಿದ್ದುಪಡಿಯ ಲಾಗ್ ಕಡ್ಡಾಯ. ಅದನ್ನು ಬಂದ್ ಮಾಡಲು ಬರಬಾರದು, ವರ್ಷವಿಡೀ ಚಾಲೂ ಇತ್ತೇ ಎಂದು ಲೆಕ್ಕ ಪರಿಶೋಧಕರು ವರದಿಯಲ್ಲಿ ಹೇಳಬೇಕು. ಈ ನಿಯಮ ಕಂಪನಿಗಳಿಗೆ, ಸಹಕಾರ ಸಂಘಗಳಿಗಲ್ಲ. ಆದರೂ ಅಲ್ಲಿಯ ಪದ್ಧತಿ ಇಲ್ಲಿ ಇಟ್ಟುಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಲಾಗ್ ಕೆಲಸಕ್ಕೆ ಬರಬೇಕಾದರೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್ ಇರಬೇಕು. ಕಾರ್ಯದರ್ಶಿ, ಹಾಲು ಪರೀಕ್ಷಕ, ರಜೆಯಲ್ಲಿ ಬಂದು ಕೂರುವ ಹುಡುಗ ಮೂವರೂ ಒಂದೇ ಪಾಸ್‌ವರ್ಡಿನಲ್ಲಿ ಕೆಲಸ ಮಾಡಿದರೆ ಎಲ್ಲ ತಿದ್ದುಪಡಿಯೂ ಕಾರ್ಯದರ್ಶಿಯವರ ಹೆಸರಿಗೇ ಬೀಳುತ್ತದೆ. ಬೇರೆಯವರ ತಪ್ಪು ಹೊರಬಾರದೆಂದರೆ ಅವರೇ ಮುಂದಾಗಿ ಇದನ್ನು ಬೇರೆ ಮಾಡಿಸಬೇಕು. ಕಂಪ್ಯೂಟರಿನ ಗಡಿಯಾರವೂ ಸರಿಯಿರಬೇಕು. ಒಳಗಿನ ಸಣ್ಣ ಸೆಲ್ಲು ಸತ್ತರೆ ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತದೆ. ಕೆಲವು ತಂತ್ರಾಂಶಗಳು ಇಂತಿಷ್ಟು ಸಾಲು ತುಂಬಿದ ಮೇಲೆ ಹಳೆಯದನ್ನು ತಾವೇ ಅಳಿಸುತ್ತವೆ, ಕಂಪ್ಯೂಟರು ಕೆಟ್ಟರಂತೂ ಎಲ್ಲವೂ ಹೋಗುತ್ತದೆ. ಪ್ರತಿ ಬಟವಾಡೆಗೊಮ್ಮೆ ಲಾಗನ್ನು ಪೆನ್‌ಡ್ರೈವಿಗೆ ಇಳಿಸಿ ಅಧ್ಯಕ್ಷರ ಸುಪರ್ದಿಗೆ ಕೊಡಬೇಕು. ಅದು ಕಂಪ್ಯೂಟರಿನ ಮೇಜಿನ ಖಾನೆಯಲ್ಲೇ ಇದ್ದರೆ ಪ್ರಯೋಜನವಿಲ್ಲ.

ಲಾಗ್ ಪೂರ್ತಿ ಓದುವುದು ಎಲ್ಲ ಸದಸ್ಯರಿಂದ ಆಗದ ಕೆಲಸ, ಬೇಕಾಗಿಯೂ ಇಲ್ಲ. ಬಟವಾಡೆಯ ದಿನ ಕೈಯಿಂದ ಹಾಕಿದ ಮತ್ತು ತಿದ್ದಿದ ಸಾಲುಗಳನ್ನಷ್ಟೇ ಅಚ್ಚು ತೆಗೆದು ಫಲಕಕ್ಕೆ ಹಚ್ಚಿದರೆ ಸಾಕು. ಒಂದೋ ಎರಡೋ ಹಾಳೆ ಆಗಬಹುದು. ಸೆಪ್ಟೆಂಬರಿನೊಳಗೆ ನಡೆಯುವ ವಾರ್ಷಿಕ ಮಹಾಸಭೆಯಲ್ಲಿ ಇದನ್ನೊಂದು ಠರಾವು ಮಾಡಿಸಿಕೊಳ್ಳಿ. ನಿಮ್ಮ ಸಂಘದ ತಂತ್ರಾಂಶದಲ್ಲಿ ಲಾಗೇ ಇಲ್ಲವೆಂದರೆ ಅದನ್ನು ಕೊಟ್ಟವರಿಗೆ ಆಡಳಿತ ಮಂಡಳಿಯಿಂದ ಪತ್ರ ಬರೆಸಿ, ಪ್ರತಿಯನ್ನು ಒಕ್ಕೂಟಕ್ಕೆ ಕಳಿಸಿರಿ. ಚೀಟಿಗಳನ್ನು ಮಾತ್ರ ಒಲೆಗೆ ಹಾಕದೆ ಮುಂದಿನ ಬಟವಾಡೆಯವರೆಗೆ ಒಂದು ದಾರಕ್ಕೆ ಪೋಣಿಸಿಡಿ. ಲಾಗಿನ ಸಾಲಿಗೆ ತಾಳೆ ನೋಡಲು ನಿಮ್ಮ ಕೈಯಲ್ಲಿರುವುದು ಅದೊಂದೇ. ದನದ ಚಿಕಿತ್ಸೆಗೆ ನಮ್ಮನ್ನು ಕರೆಸಿದಾಗಲೂ ಅವನ್ನು ತೋರಿಸಿರಿ.